ಡೀಸೆಲ್ ಎಂಜಿನಿನ ಪುನರ್ಜನ್ಮ

ನಾವು ಹೆದ್ದಾರಿಯಲ್ಲಿ ಕಾಣುವ ಭಾರಿ ಲಾರಿಗಳ ಡೀಸೆಲ್ ಎಂಜಿನಿನಲ್ಲಿ ಇಂಧನವನ್ನು ಹೊತ್ತಿಸಲು ವಿದ್ಯುತ್ ಕಿಡಿಯಿಲ್ಲ. ಪಿಸ್ಟನ್ನು ಸಿಲಿಂಡರಿನೊಳಗಿನ ಗಾಳಿಯನ್ನು ಮೂಲ ಗಾತ್ರದ ಸುಮಾರು 16ರಲ್ಲೊಂದು ಪಾಲಿಗೆ ಅದುಮಿದಾಗ ಅದರ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಸಿಂಪಡಿಸಿದ ತೈಲವು ಆ ಕಾವಿನಿಂದಲೇ ಉರಿಯುತ್ತದೆ. ಆದುದರಿಂದ ಗಾಳಿ ಸೋರದಂತೆ ತಡೆಯುವ ಪಿಸ್ಟನ್ ಉಂಗುರಗಳೇ ಈ ಯಂತ್ರದ ಜೀವಾಳ.

ಗಾಳಿಯ ಶೋಧಕವನ್ನು ಅಲಕ್ಷಿಸಿದರೆ ಒಳಹೊಕ್ಕ ಧೂಳು ಉಂಗುರಗಳನ್ನೂ ಸಿಲಿಂಡರಿನ ಒಳಗೋಡೆಯನ್ನೂ ಸವೆಯಿಸುತ್ತದೆ. ಆಗ ಅದುಮಿದ ಗಾಳಿ ಕೆಳಕ್ಕೆ ಸೋರುತ್ತದೆ. ಎಣ್ಣೆ ಮೇಲೇರಿ ಉರಿದು ನೀಲಿ ಹೊಗೆಯಾಗುತ್ತದೆ. ಚಳಿಯ ಮುಂಜಾನೆಯಲ್ಲಿ ಎಂಜಿನ್ನು ಹೊರಡಲೊಲ್ಲದು.

ಆದರೂ ಅದನ್ನು ಎಸೆಯಬೇಕಾಗಿಲ್ಲ. ಹಲವು ಎಂಜಿನುಗಳಲ್ಲಿ ಒಳಗೋಡೆಯೇ ಲೈನರೆಂಬ ಪ್ರತ್ಯೇಕ ಕೊಳವೆಯಾಗಿರುತ್ತದೆ. ಲೈನರು, ಪಿಸ್ಟನ್ನು, ಉಂಗುರಗಳನ್ನು ಬದಲಿಸಿದರೆ ಎಂಜಿನಿಗೆ ಕಳೆದ ಕಸುವು ಮರಳುತ್ತದೆ. ಶೋಧಕವನ್ನು ಮತ್ತೆ ಮರೆತರೆ ಮಾತ್ರ ಹೊಸ ಭಾಗಗಳಿಗೂ ಅದೇ ಗತಿ.