ಜಲಧಾರೆಯಲ್ಲಿ ಲೇಸರ್ ಕಿರಣ: ಲೋಹಚ್ಛೇದನದ ಒಂದು ನೂತನ ಕ್ರಮ

ಮಸೂರದಿಂದ ಒಂದು ಬಿಂದುವಿನಲ್ಲಿ ಕೇಂದ್ರೀಕೃತವಾದ ಲೇಸರ್ ಕಿರಣವು ಲೋಹವನ್ನು ಕರಗಿಸಿ ಛೇದಿಸುವುದೆಂಬುದು ಈಗ ಸರ್ವವಿದಿತವಾಗಿದೆ. ಆದರೆ ಆ ಛೇದವು ನಿರ್ದುಷ್ಟವಾದುದಲ್ಲ. ಕೇಂದ್ರಬಿಂದುವಿನ ಮೇಲೆಯೂ ಕೆಳಗೆಯೂ ಕಿರಣವು ಡಮರುಗದಂತೆ ಅಗಲವಾಗುತ್ತ ಹೋಗುವುದರಿಂದ, ಛೇದದ ಪಾರ್ಶ್ವಗಳು ಸಮಾನಾಂತರವಾಗಿ ನಿಲ್ಲದೆ ಓರೆಯಾಗುವುವು. ಕರಗಿದ ಲೋಹವನ್ನು ಅನಿಲದ ರಭಸದಿಂದ ಊದಿ ಹೊರದೂಡಿದರೂ, ಅದರಲ್ಲಿ ಕೊಂಚ ಕೆಳಯಂಚಿನಲ್ಲಿ ಕಿಟ್ಟದಂತೆ ಹೆಪ್ಪುಗಟ್ಟುವುದು. ಇವೆರಡೂ ಕಣ್ಣಿಗೆ ಕಾಣುವ ದೋಷಗಳು. ಅರದಿಂದ ಉಜ್ಜಿ ಸರಿಪಡಿಸಬಹುದು. ಮೂರನೆಯದು ಕಾಣದ ದೋಷ. ಛೇದದ ಮಗ್ಗುಲಿನ ಲೋಹವು ಕಾದು, ಕರಗಿದ ಪದರವು ಮತ್ತೆ ಗಟ್ಟಿಯಾಗುವಾಗ ಅಲ್ಲಿ ಸೂಕ್ಷ್ಮವಾದ ಬಿರುಕುಗಳು ಹುಟ್ಟಬಹುದು. ವಿಮಾನಯಂತ್ರದ ಟರ್ಬೈನು ಅಲಗುಗಳಲ್ಲಿ ತಂಪುಗಾಳಿ ಹಾಯಲೆಂದು ಕೊರೆಯುವ ರಂಧ್ರಗಳ ಗೋಡೆಯಲ್ಲಿ ಇಂತಹ ಬಿರುಕು ಉಳಿದರೆ, ಮಹಾವೇಗದಿಂದ ತಿರುಗುವ ಅಲಗು ಅಲ್ಲಿಂದಲೇ ಸೀಳಲು ಅವಕಾಶವಾಗುವುದು.

ನೀರಿನಿಂದ ತಣಿಸಬಾರದೇ ಎಂದು ಯಾರಿಗಾದರೂ ತೋರುವುದು ಸಹಜ. ಲೋಹವನ್ನು ನೀರಿನಲ್ಲಿ ಮುಳುಗಿಸಿಯೋ, ಅದರ ಮೇಲೆ ತೆಳ್ಳಗೆ ನೀರು ಹರಿಯಿಸಿಯೋ ಛೇದಿಸಿದರೆ ಕಾವು ತಗ್ಗುವುದು ನಿಜ. ಆದರೆ ನೀರಿನ ಮೇಲ್ಮೈಯ ಅಲೆಗಳೂ ಆವಿಯ ಗುಳ್ಳೆಗಳೂ ಕಿರಣವನ್ನು ಚದರಿಸುವುವು. ಒಂದು ದೋಷವನ್ನು ಕಳೆದು ಇನ್ನೊಂದನ್ನು ತಂದುಕೊಂಡಂತಾಯಿತು.

೧೯೯೩ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಬೆರ್ನೋಲ್ಡ್ ರಿಶೆರ್ಟ್ಸ್‌ಹಾಗೆನ್ ಎಂಬವರು ಕಂಡುಕೊಂಡ ಉಪಾಯವು ಬೇರೆ ಜಾತಿಯದು. ಅದರಲ್ಲಿ ನೀರು ತಾನೇ ಕಿರಣವನ್ನು ಹೊತ್ತು ತರುವ ವಾಹನವಾಗುವುದು. ವಜ್ರದ ಅಥವಾ ನೀಲಮಣಿಯ ಕಿರುರಂಧ್ರದಿಂದ ಕೂದಲಿನಷ್ಟು ಸಣ್ಣನೆಯ ಧಾರೆಯನ್ನು ಮಹಾ ಒತ್ತಡದಿಂದ ಹೊರಡಿಸಿ, ಆ ರಂಧ್ರದ ಬಾಯಿಯಲ್ಲಿಯೇ ಕಿರಣವನ್ನು ಒಳಹೊಗಿಸುವರು. ನೀರಿನೊಳಗಿನ ಬೆಳಕು ಧಾರೆಯ ಅಂಚಿಗೆ ಲಂಬರೇಖೆಯಿಂದ ಸುಮಾರು ೪೯ ಡಿಗ್ರಿಗಳಿಗಿಂತ ಹೆಚ್ಚು ಓರೆಯಾಗಿ ತಗುಲಿದರೆ, ಗಾಳಿಗೆ ಹೊರಬೀಳಲಾರದೆ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುವುದು. ಬಾಗಿದ ಜಲಧಾರೆಯೊಡನೆ ಬೆಳಕೂ ಬಾಗಿ ನಡೆಯುವುದನ್ನು ಕೊಲಾಡೋನ್ ಎಂಬ ಪಂಡಿತನು ೧೮೪೧ರಲ್ಲಿ ಜಿನೀವದಲ್ಲಿ ಸಭಿಕರಿಗೆ ತೋರಿಸಿದ್ದನು. ಜಿನೀವವೂ ಲೊಸಾನ್ ನಗರವೂ ಒಂದೇ ಸರೋವರದ ತೀರದಲ್ಲಿರುವುದು ರಸಿಕರು ಗಮನಿಸತಕ್ಕ ಸಂಗತಿ. ಹೀಗೆ ಬಂಧಿತವಾದ ಕಿರಣವು ಡಮರುಗದ ಆಕಾರವನ್ನು ಬಿಟ್ಟು, ಧಾರೆಯು ಅಖಂಡವಾಗಿರುವಷ್ಟು ದೂರ ಒಂದೇ ದಪ್ಪದಲ್ಲಿ ಸಾಗುವುದು. ಛೇದದ ಪಾರ್ಶ್ವಗಳು ಹೆಚ್ಚುಕಡಿಮೆ ಸಮಾನಾಂತರವಾಗುವುವು. ಕಿರಣವು ಎಡೆಬಿಡದೆ ಸುರಿಯದೆ ಸ್ಪಂದಸ್ಪಂದವಾಗಿ ಬೀಳುವುದು. ಒಂದು ಸ್ಪಂದವು ಲೋಹವನ್ನು ಕರಗಿಸಿದೊಡನೆ, ಮುಂದಿನದು ಬರುವುದರೊಳಗೆ, ಅದೇ ಧಾರೆಯು ಆ ಸ್ಥಳವನ್ನು ತಣಿಸಿ, ಕರಗಿದುದನ್ನು ತೊಳೆದೊಯ್ಯುವುದು. ಪುರಾಣದ ಬಡಬಾಗ್ನಿಯೂ ಇಷ್ಟು ವಿಧೇಯವಾಗಿ ನೀರಿನಲ್ಲಿ ವಾಸಮಾಡಲಿಲ್ಲ.

ಇದಕ್ಕೆ ಎಲ್ಲ ಕಿರಣಗಳೂ ಸಲ್ಲವು. ಇಂಗಾಲಾಮ್ಲವಾಯುವಿನ ಲೇಸರಿನಿಂದ ಹೊರಡುವ, ಕಣ್ಣಿಗೆ ಕಾಣದ ಅವರಕ್ತ ಕಿರಣವನ್ನು ನೀರು ಅತ್ಯಲ್ಪ ದೂರದಲ್ಲಿಯೇ ಹೀರಿಬಿಡುವುದು. ಆದುದರಿಂದ ೫೩೨ ನ್ಯಾನೋಮೀಟರು ತರಂಗದೈರ್ಘ್ಯದ ಹಸಿರು ಕಿರಣವನ್ನು ಸಾಮಾನ್ಯವಾಗಿ ಬಳಸುವರು. ನೀರನ್ನೂ ಸೋಸಿ ಲವಣರಹಿತವನ್ನಾಗಿ ಮಾಡಬೇಕು. ಧಾರೆಯು ಒಡೆದು ಹನಿಯಾದ ಕಡೆ ಕಿರಣದ ದಾರಿಯೂ ಮುಗಿಯಿತು. ದಪ್ಪನೆಯ ಸಾಧಾರಣ ಉಕ್ಕಿನ ತಗಡುಗಳನ್ನು ಬೇಗನೆ ಕತ್ತರಿಸುವುದಕ್ಕೆ ಅನಿಲಸಹಿತವಾದ ಹಿಂದಿನ ಕ್ರಮವೇ ಈಗಲೂ ಮೇಲು. ಆಳವಾದ ಇಕ್ಕಟ್ಟಿನ ರಂಧ್ರಗಳಲ್ಲಿ ಹಿಂದಕ್ಕೆ ಚಿಮ್ಮುವ ನೀರು ಇಳಿಯುವ ಧಾರೆಯನ್ನೇ ಕೆಡಿಸುವುದುಂಟು. ಅಲಗಿನ ರಂಧ್ರಗಳನ್ನು ಕೊರೆಯುವವರು ಮುಖ್ಯವಾಗಿ ಎದುರಿಸಬೇಕಾದ ತೊಡಕು ಇದೇ ಆಗಿದೆ.