ನೀರು ಬಂತಾ? ಮೇಲ್ ಬಂತಾ?

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂತೆಂದರೆ ಸಿಂಧನೂರು ತಾಲ್ಲೂಕಿನ ಗೊರೇಬಾಳದಂಥ ಊರುಗಳಲ್ಲಿ ಬೈಕುಗಳ ಓಡಾಟ ಹೆಚ್ಚುತ್ತದೆ. ಮುನಿರಾಬಾದಿನಲ್ಲಿ ಬಿಟ್ಟ ನೀರು ತಮ್ಮ ತೂಬಿನವರೆಗೆ ಬಂತೋ ಇಲ್ಲವೋ ಎಂದು ಕಾಲುವೆಯ ಕೆಳಭಾಗದ ರೈತರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ನಿದ್ದೆ ಹತ್ತದಿದ್ದರೆ ನಡುರಾತ್ರಿ ಇನ್ನೊಮ್ಮೆ ಹೋಗಿ ನೋಡಿ ಬರುತ್ತಾರೆ. ನೀರು ಬಂದಿರದಿದ್ದರೆ ಪೆಟ್ರೋಲು ದಂಡ.

ಇ-ಮೇಲ್ ಕೂಡ ಮೊದಲು ಹೀಗೇ ಇತ್ತು. ಬೆಂಗಳೂರಿನಲ್ಲಿ ಓದಿ ಅಮೆರಿಕಕ್ಕೆ ಹೋದ ಸಬೀರ್ ಭಾಟಿಯಾ ಗೆಳೆಯ ಜ್ಯಾಕ್ ಸ್ಮಿತ್ ಜೊತೆ 1996ರ ಜುಲೈ 4ರಂದು ಹಾಟ್‌ಮೇಲ್ ತೆರೆದಾಗ, ಯಾವ ಊರಿನ ಯಾವ ಕಂಪ್ಯೂಟರಿನಲ್ಲಾದರೂ ಪತ್ರ ನೋಡಬಹುದಾಯಿತು. ಆದರೆ ನೋಡಲು ಹೋಗಲೇಬೇಕಿತ್ತು. ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆಗಿಷ್ಟು ಎಂದು ತೆತ್ತು, ಪಾಸ್‌ವರ್ಡ್ ಒತ್ತಿ, ಖಾಲಿ ಇನ್‌ಬಾಕ್ಸ್ ನೋಡಿ ಎದ್ದುಬಂದ ನನ್ನಂಥವರಿಗೆ ಒಣ ಕಾಲುವೆಯ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ಜೇಬಿನ ಫೋನಿಗೆ ಈ ಓಡಾಟ ಇನ್ನೂ ದುಬಾರಿ. ಐದೈದು ನಿಮಿಷಕ್ಕೆ ಎದ್ದು ‘ಮೇಲ್ ಬಂತಾ’ ಎಂದು ಸರ್ವರನ್ನು ಕೇಳುತ್ತಿದ್ದರೆ, ಬರುವ ಉತ್ತರವೆಲ್ಲ ‘ಇಲ್ಲ’ ಆದರೂ ಬ್ಯಾಟರಿ ಮಾತ್ರ ಕರಗುತ್ತದೆ. 1997ರ ಜೂನ್‌ನಲ್ಲಿ ಐಬಿಎಂನ ಬ್ಯಾರಿ ಲೈಬಾ ಒಂದು ಪುಟ್ಟ ನಿಯಮ ಬರೆದರು. ಆರ್‌ಎಫ್‌ಸಿ 2177 ಎಂಬ ಆ ದಾಖಲೆಯ ಹುರುಳು ಇಷ್ಟೇ: ಒಮ್ಮೆ ಕರೆ ಮಾಡು, ಫೋನ್ ಇಡಬೇಡ, ಸುಮ್ಮನೆ ಕಿವಿಗೊಟ್ಟಿರು. ಪತ್ರ ಬಂದಾಗ ಸರ್ವರೇ ಹೇಳುತ್ತದೆ. ಅರ್ಧ ಗಂಟೆ ಮಾತೇ ಇಲ್ಲದಿದ್ದರೆ ಸರ್ವರು ಸಂಪರ್ಕ ಕಡಿದುಹಾಕಬಹುದಾದ್ದರಿಂದ 29 ನಿಮಿಷಕ್ಕೊಮ್ಮೆಯಾದರೂ ‘ಇದ್ದೇನೆ’ ಎಂದು ಕೆಮ್ಮಬೇಕು. ಹೀಗೆ ಪತ್ರ ತಾನಾಗಿ ಬರುವುದಕ್ಕೆ ಇಟ್ಟ ‘ಪುಷ್’, ಅಂದರೆ ತಳ್ಳು, ಎಂಬ ಹೆಸರೇ ಕೊಂಚ ಸುಳ್ಳು. ಇಲ್ಲಿ ತಳ್ಳುವವರಿಗಿಂತ ಬಾಗಿಲು ತೆರೆದು ಕೂತವರ ಕೆಲಸವೇ ಹೆಚ್ಚು.

ಪತ್ರ ತಾನಾಗಿ ಜೇಬಿಗೆ ಬರುವುದನ್ನು ದೊಡ್ಡ ವ್ಯಾಪಾರ ಮಾಡಿದ್ದು ಕೆನಡಾದ ವಾಟರ್‌ಲೂ ಪಟ್ಟಣದ ರಿಸರ್ಚ್ ಇನ್ ಮೋಷನ್. ಮೈಕ್ ಲಜಾರಿಡಿಸ್ ಮತ್ತು ಡಗ್ಲಸ್ ಫ್ರೆಜಿನ್ 1984ರಲ್ಲಿ ಕಟ್ಟಿದ ಕಂಪನಿ ಅದು. 1999ರಲ್ಲಿ ಬಂದ ಅದರ ಬ್ಲ್ಯಾಕ್‌ಬೆರಿ ನೋಡಲು ಪೇಜರಿನಂತಿತ್ತು. ಗೋಡೆ ಗಡಿಯಾರಕ್ಕೆ ಹಾಕುವಂಥ ಒಂದೇ ಸೆಲ್ಲಿನಲ್ಲಿ ವಾರಗಟ್ಟಲೆ ನಡೆಯುತ್ತಿತ್ತು! ಗುಟ್ಟು ಜಿಪುಣತನದಲ್ಲಿತ್ತು. ಪತ್ರ ಕಂಪನಿಯ ಕೇಂದ್ರಕ್ಕೆ ಬಂದು, ಅಲ್ಲಿಂದ ಮೊದಲ 2 ಕಿಲೋಬೈಟ್ ಮಾತ್ರ ಜೇಬಿಗೆ ಇಳಿಯುತ್ತಿತ್ತು. ಮಿಕ್ಕಿದ್ದು ಓದುಗ ಕೇಳಿದರೆ ಮಾತ್ರ. ಅದೇ ವರ್ಷ ಜಪಾನಿನ ಡೊಕೊಮೊ ಕಂಪನಿಯ ಐ-ಮೋಡ್ ಫೋನುಗಳಿಗೂ ಮೇಲ್ ತಾನಾಗಿ ಬರತೊಡಗಿತ್ತು. ಮೊದಲಿಗರು ಯಾರು ಎಂಬ ಜಗಳ ಅಮೆರಿಕದ ಕೋರ್ಟಿಗೂ ಹೋಯಿತು: ಎನ್‌ಟಿಪಿ ಎಂಬ ಪೇಟೆಂಟ್ ಸಂಸ್ಥೆಗೆ ಬ್ಲ್ಯಾಕ್‌ಬೆರಿಯವರು 2006ರಲ್ಲಿ 61.25 ಕೋಟಿ ಡಾಲರ್ ಕೊಟ್ಟು ರಾಜಿಯಾದರು.

ಭಾರತಕ್ಕೆ ಏರ್‌ಟೆಲ್ ಬ್ಲ್ಯಾಕ್‌ಬೆರಿಯನ್ನು 2004ರಲ್ಲಿ ತಂದಿತು. ಬೆಂಗಳೂರಿನ ಐಟಿ ಮ್ಯಾನೇಜರುಗಳ ಸೊಂಟಕ್ಕೆ ಅದು ಒಡವೆಯಾಯಿತು. ಭಾನುವಾರ ರಜೆ ಎಂಬುದು ಅಂದೇ ಹೋಯಿತು. ಗೂಢಲಿಪಿಯಲ್ಲಿ ಹರಿವ ಈ ಪತ್ರಗಳನ್ನು ಓದಲು ಆಗುತ್ತಿಲ್ಲವೆಂದು ಕೇಂದ್ರ ಸರ್ಕಾರ, 2010ರ ಆಗಸ್ಟ್ 31ರೊಳಗೆ ದಾರಿ ಕೊಡದಿದ್ದರೆ ಸೇವೆಯನ್ನೇ ನಿಲ್ಲಿಸುವುದಾಗಿ ಗದರಿಸಿತ್ತು.

ಅಷ್ಟರಲ್ಲಿ ಸೊಂಟದ ಒಡವೆ ಹಳತಾಗುತ್ತಿತ್ತು. 2009ರಲ್ಲಿ ಆ್ಯಪಲ್, 2010ರಲ್ಲಿ ಗೂಗಲ್ ಇದೇ ಉಪಾಯವನ್ನು ಎಲ್ಲ ಆ್ಯಪ್‌ಗಳಿಗೂ ತೆರೆದವು. ಆ್ಯಪಿಗೊಂದು ಸಂಪರ್ಕ ಬೇಡ. ಮುಖ್ಯ ಕಾಲುವೆ ಒಂದೇ, ತೂಬುಗಳು ಹಲವು. ಹೀಗೆ ಪುಷ್ ಗೊರೇಬಾಳಕ್ಕೆ ಬಂದದ್ದು ಇ-ಮೇಲ್ ಬೆನ್ನೇರಿಯಲ್ಲ, ವಾಟ್ಸ್‌ಆ್ಯಪ್ ಬೆನ್ನೇರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ, ಭತ್ತದ ನಾಡಿನ ದಿಂಬಿನ ಪಕ್ಕದ ಫೋನುಗಳು ಯಾರೂ ಕೇಳದೆಯೇ ಕಿಣಿಗುಟ್ಟಿದವು. ಬ್ಲ್ಯಾಕ್‌ಬೆರಿಯ ಹಳೇ ಫೋನುಗಳ ಸೇವೆ 2022ರ ಜನವರಿ 4ಕ್ಕೇ ನಿಂತಿತ್ತು.

ಕೆಟ್ಟ ಸುದ್ದಿ ಹೀಗೆ ತಾನಾಗಿ ಬರುವುದಾದರೆ ಒಳ್ಳೆಯದೂ ಬರಲಿ. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಉಪಕಾಲುವೆಗೆ ನೀರು ಎಂಬ ಒಂದು ಸಾಲನ್ನು ಕೆಳಭಾಗದ ಪ್ರತಿ ರೈತರ ಫೋನಿಗೆ, ಅವರು ಬೈಕ್ ಹತ್ತುವ ಮೊದಲೇ, ನೀರಾವರಿ ಇಲಾಖೆ ಮುಟ್ಟಿಸಲಿ. ಅದಕ್ಕೆ 2 ಕಿಲೋಬೈಟೂ ಬೇಕಾಗದು.