ಹಳೇ ಚೀಟಿಯ ಮೂರನೇ ಮಾತ್ರೆ

ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಬೆಂಚಿನ ಮೇಲೆ ಕಾದು ಕುಳಿತವರ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟ ಹಳೇ ಚೀಟಿ. ವೈದ್ಯರು ಅದನ್ನು ಬಿಡಿಸಿ, ನಿದ್ದೆ-ಊಟ ವಿಚಾರಿಸಿ, ಕೆಳಗೆ 'ಸಿ.ಎಸ್.ಟಿ., 30 ದಿನ' ಎಂದು ಗೀಚುತ್ತಾರೆ. ಇದ್ದ ಚಿಕಿತ್ಸೆಯೇ ಮುಂದುವರಿಯಲಿ ಎಂದರ್ಥ. ಹೊರಗೆ ಇನ್ನೂ ಐವತ್ತು ಜನ ಕಾಯುತ್ತಿರುವಾಗ ಬೇರೇನು ಬರೆದಾರು?

ಹೀಗೆ ಚೀಟಿಯಿಂದ ಚೀಟಿಗೆ ದಾಟುತ್ತಲೇ ಇರುವ ಒಂದು ಹೆಸರು ಮೂರನೇ ಸಾಲಿನ ಟ್ರೈಹೆಕ್ಸಿಫೆನಿಡಿಲ್, 2 ಮಿಲಿಗ್ರಾಂ. ಇದು ಕಾಯಿಲೆಗೆ ಮದ್ದಲ್ಲ, ಮದ್ದಿಗೆ ಮದ್ದು. ಹ್ಯಾಲೊಪೆರಿಡಾಲ್, ಫ್ಲುಫೆನಜಿನ್‌ನಂಥ ಔಷಧಗಳು ಮಿದುಳಿನ ರಾಸಾಯನಿಕವಾದ ಡೋಪಮಿನ್‌ಗೆ ಅಡ್ಡಗಟ್ಟುತ್ತವೆ. ಭ್ರಮೆ, ಕಿವಿಯೊಳಗಿನ ದನಿಗಳು ತಗ್ಗುತ್ತವೆ. ಆದರೆ ಚಲನೆಯನ್ನು ನೋಡಿಕೊಳ್ಳುವ ಭಾಗದಲ್ಲಿ ಡೋಪಮಿನ್ ಕುಗ್ಗಿದಾಗ ಇನ್ನೊಂದು ರಾಸಾಯನಿಕವಾದ ಅಸಿಟೈಲ್‌ಕೋಲಿನ್‌ನ ಕೈ ಮೇಲಾಗಿ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಮುಖದ ಭಾವ ಅಳಿಸಿಹೋಗುತ್ತದೆ. ಟ್ರೈಹೆಕ್ಸಿಫೆನಿಡಿಲ್ ಆ ಅಸಿಟೈಲ್‌ಕೋಲಿನ್ನನ್ನು ತಡೆಯುತ್ತದೆ.

ಮೊದಲ ವಾರಗಳಲ್ಲಿ ಇದು ದೊಡ್ಡ ಉಪಕಾರವೇ. ತೊಡಕು ಆಮೇಲಿನದು. ಬಾಯಲ್ಲಿ ಜೊಲ್ಲು ಬರಲು, ಕರುಳು ಚಲಿಸಲು, ಕೇಳಿದ್ದು ನೆನಪಿರಲು ಅದೇ ಅಸಿಟೈಲ್‌ಕೋಲಿನ್ ಬೇಕು. ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ಮರೆವು ಹೆಚ್ಚುತ್ತದೆ. ಮನೆಯವರು ಆ ಮರೆವನ್ನೂ ಕಾಯಿಲೆಯ ಲೆಕ್ಕಕ್ಕೇ ಸೇರಿಸುತ್ತಾರೆ. ಎಲ್ಲರಿಗೂ ದೀರ್ಘಕಾಲ ಇದನ್ನು ಕೊಡಬೇಡಿ ಎಂದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಮಲೆನಾಡಿನವರಿಗೆ ಇಲ್ಲೊಂದು ಉಪಕಥೆ ಇದೆ. ಅಡಿಕೆಯಲ್ಲಿರುವ ಅರೆಕೋಲಿನ್ ಅಸಿಟೈಲ್‌ಕೋಲಿನ್ನಿನಂತೆಯೇ ವರ್ತಿಸುತ್ತದೆ, ಅಂದರೆ ಈ ಮಾತ್ರೆಗೆ ನೇರ ಎದುರಾಳಿ. ಇಂಥ ಮಾತ್ರೆ ನುಂಗುತ್ತ ವಿಪರೀತ ಅಡಿಕೆ ಜಗಿದವರ ಮೈ ಮತ್ತೆ ಬಿಗಿದ ಉದಾಹರಣೆಗಳು ವೈದ್ಯಕೀಯ ವರದಿಗಳಲ್ಲಿವೆ. ಚೀಟಿ ಬರೆಯುವಾಗ ಎಲೆ-ಅಡಿಕೆಯ ಮಾತು ಎತ್ತುವವರು ಕಡಿಮೆ.

ಮದ್ದು ಮತ್ತು ಮದ್ದಿನ ಮದ್ದು ಎಂಬ ಈ ಜೋಡಿಗೆ ಇತಿಹಾಸವೂ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ದಾಗ, ಅಲ್ಲಿನ ಸಾಮಾನ್ಯ ವೈದ್ಯರು ನಿಭಾಯಿಸಬಲ್ಲ ಕೆಲವೇ ಔಷಧಗಳನ್ನು ಆರಿಸಿಕೊಂಡಿತ್ತು. ಜಾಣ ಆಯ್ಕೆ. ದಿನವೂ ಮಾತ್ರೆ ನುಂಗದವರಿಗೆ ಫ್ಲುಫೆನಜಿನ್ ಚುಚ್ಚುಮದ್ದು ಒದಗಿಬಂತು. ಎಳ್ಳೆಣ್ಣೆಯಲ್ಲಿ ಕರಗಿಸಿದ ಆ ಔಷಧ ಸ್ನಾಯುವಿನಿಂದ ವಾರಗಟ್ಟಲೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಮುಂದೆ ಒಲಾಂಜಪಿನ್ ಬಂತು. ಅದು ಮೈ ಬಿಗಿಸುವುದು ಕಡಿಮೆ, ತೂಕ-ಸಕ್ಕರೆ ಏರಿಸುವುದು ಹೆಚ್ಚು. ಚೀಟಿಯ ಮೊದಲ ಸಾಲು ಬದಲಾಯಿತು, ಮೂರನೆಯದು ಹಾಗೇ ಉಳಿಯಿತು.

ವೈದ್ಯರನ್ನು ದೂರುವುದು ಸುಲಭ. ಆದರೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ, ವಾರಗಳ ಮೇಲೆ ಹಂತಹಂತವಾಗಿ ಇಳಿಸಬೇಕು. ನಡುವೆ ಮೈ ಬಿಗಿದರೆ ನೋಡುವವರು ಯಾರು? ಹೆದರಿದ ರೋಗಿ ಎಲ್ಲ ಮಾತ್ರೆಯನ್ನೂ ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ. ಮುಟ್ಟದಿರುವುದೇ ಕ್ಷೇಮ ಅನ್ನಿಸುವುದು ಸಹಜ.

ಹಾಗೆ ನೋಡಿದರೆ ಮೈ ಬಿಗಿದಿದೆಯೇ ಎಂಬ ಪರೀಕ್ಷೆಗೆ ಯಂತ್ರವೇನೂ ಬೇಡ. ರೋಗಿಯ ಮೊಣಕೈಯನ್ನು ಹಿಡಿದು ಮಡಚಿ ಬಿಡಿಸಬೇಕು, ಹಲ್ಲಿನ ಗಾಲಿಯಂತೆ ತಡೆತಡೆದು ಬರುತ್ತದೆಯೇ ಎಂದು. ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವಾಗ ಎರಡೂ ತೋಳು ಬೀಸುತ್ತಿವೆಯೇ ಗಮನಿಸಬೇಕು. ಅಷ್ಟಕ್ಕೆ ಒಂದು ನಿಮಿಷ ಸಾಕು. ಮಂಗಳವಾರದ ಸಾಲಿನಲ್ಲಿ ಆ ಒಂದು ನಿಮಿಷವೇ ತುಟ್ಟಿ.